ಜಾಲಿಮುಳ್ಳು

ಸವಣೂರು
ಜನವರಿ ೮, ಗುರುವಾರ

ರೆಹಾನ,

ಮೊದಲು ಸಲಾಮು, ಜಗಳ ಆಮೇಲೆ.

ಅವ್ವನ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದವಳಿಗೆ ಪತ್ರ ಬರೆಯದೆ ಇನ್ನೇನು ಮಾಡಲಿ? ಫೋನಾದರೆ ಮಾತಿನ ನಡುವೆ ಕಟ್ ಮಾಡಿಬಿಡುತ್ತೀ, ಪತ್ರಕ್ಕೆ ಆ ಸೌಲಭ್ಯವಿಲ್ಲ. ಹರಿದು ಬಿಸಾಡಬಹುದು, ಆದರೆ ನೀನು ಅಂಥವಳಲ್ಲ ಎಂಬ ಧೈರ್ಯ ನನಗಿದೆ. ಚಿಕ್ಕವಳಿದ್ದಾಗ ಅಂಗಡಿಯ ಕುರುಕಲು ಖಾರ ಕಟ್ಟಿಕೊಟ್ಟ ಎಣ್ಣೆಕಾಗದವನ್ನೂ ಓದಿ ಮುಗಿಸಿಯೇ ಖಾರಕ್ಕೆ ಕೈ ಹಾಕುತ್ತಿದ್ದೆ. ಮೆತ್ತಗಾಗುತ್ತದೆ, ಮೊದಲು ತಿನ್ನು ಎಂದರೆ, 'ತಡಿ ಅವ್ವಾ, ಇಲ್ಲೊಂದು ಕಳವಿನ ಸುದ್ದಿ ಅದ' ಎನ್ನುತ್ತಿದ್ದೆ.

ನಾಳೆ ನಿನ್ನ ಮಗಳಿಗೆ ನಲವತ್ತು ದಿನ ತುಂಬುತ್ತದೆ. ನಲವತ್ತರ ನೀರು ಹಾಕಿ ತೊಟ್ಟಿಲಿಗೆ ಹಾಕುತ್ತೀರಂತೆ, ಮದಿಹಾ ಎಂದು ಹೆಸರಂತೆ. ಮೊಮ್ಮಗಳ ಹೆಸರನ್ನು ಅಳಿಯನ ಬಾಯಿಂದ ಕೇಳುವ ಹಣೆಬರಹ ನನ್ನದು. ಇರಲಿ, ಹೆಸರು ಚೆನ್ನಾಗಿದೆ. ಫಯಾಜ ಇನ್ನೊಂದು ಮಾತು ಹೇಳಿದ. 'ಅತ್ತೀ, ನಿಮ್ಮ ಕೂಡ ಮಾತಾಡಾಂಗಿಲ್ಲ ಅಂತಾಳ. ಆದ್ರ ಕೌದಿ ಕಳಿಸಿದ್ರ ತಗೋತೇನಿ ಅಂದಾಳ' ಎಂದ. ಆ ಮಾತು ಕೇಳಿ ನಾನು ಫೋನ್ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ತವರಿನ ಕೌದಿ ಬೇಕು ಎಂದವಳಿಗೆ ತವರು ಬೇಡವಾಗಿದೆ ಎಂದು ನಾನು ಯಾಕೆ ತಿಳಿಯಲಿ?

ಇವತ್ತು ಸಂಜೆ ಮಾಲತೇಶನ ವೀಳ್ಯದೆಲೆಯ ಟೆಂಪೊ ಹಾನಗಲ್ಲಿನ ಮೇಲೆ ಹಿರೇಕೆರೂರಿಗೆ ಹೋಗುತ್ತದೆ. ಮಾಸೂರ ಕ್ರಾಸಿನಲ್ಲಿ ಫಯಾಜ ನಿಂತಿರುತ್ತಾನೆ, ಮಾಲತೇಶ ಅವನ ಕೈಗೆ ಕೌದಿಯ ಗಂಟು ಕೊಡುತ್ತಾನೆ. ಗಂಟಿನ ಮೇಲೆ ಈ ಪತ್ರ ಸಿಕ್ಕಿಸುತ್ತೇನೆ. ಕಚೇರಿಯಲ್ಲೇ ಕೂತು, ಕೆಲಸದ ನಡುನಡುವೆ ಬರೆಯುತ್ತಿದ್ದೇನೆ, ಆದ್ದರಿಂದ ಮಾತು ಅಲ್ಲಲ್ಲಿ ತುಂಡಾದರೆ ಬೈಯಬೇಡ.

ಜಗಳದ ಮಾತನ್ನು ಈಗಲೇ ಆಡಿ ಮುಗಿಸುತ್ತೇನೆ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕಿತ್ತು, ನಿಜ. ಆದರೆ ಆ ಹೊತ್ತಿಗೇ ಕಚೇರಿಯಲ್ಲಿ ಹಳೆಯ ಕಾಗದಗಳ ಸ್ಕ್ಯಾನಿಂಗ್ ಶುರುವಾಗಿ, ನನಗೆ ಒಂದು ದಿನದ ರಜೆಯೂ ಸಿಗದಂತಾಯಿತು. ಬಾಣಂತಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ನಾನು ಇಲ್ಲಿ ಕೂರಲೇ? ಸ್ವಲ್ಪ ತಡೆದುಕೋ ಎಂದದ್ದಕ್ಕೆ ನೀನು ಏನೆಂದೆ, ನೆನಪಿದೆಯೇ? 'ನಿನಗ ಆ ಕೆಂಪು ಗಂಟುಗಳೇ ಮಕ್ಕಳು. ಹೋಗು, ಅವನ್ನ ತೊಟ್ಟಿಲಿಗೆ ಹಾಕಿ ತೂಗು' ಎಂದೆ. ನಾನೂ ಸುಮ್ಮನಿರಲಿಲ್ಲ, ಹಾಗಾದರೆ ಅತ್ತೆಯ ಮನೆಯಲ್ಲೇ ಹಡೆ ಎಂದೆ. ಮಾಸೂರಿನ ಆಸ್ಪತ್ರೆಯಲ್ಲಿ ದಿನವೂ ಹತ್ತು ಜನರ ಕೂಗಾಟ ಕೇಳಿಯೂ ನಗುವ ನರ್ಸಮ್ಮ, ಅವ್ವನ ಒಂದು ಮಾತಿಗೆ ಇಷ್ಟು ಉರಿಯಬೇಕೇ? ಉರಿದೆ. ನನ್ನ ಮಗಳಲ್ಲವೇ, ಅದೂ ಸರಿಯೇ.

ನಮ್ಮ ದಾಖಲೆ ಕೋಣೆಗೆ ನೀನು ಬಂದು ವರ್ಷಗಳೇ ಆದವು, ಅಲ್ಲಿ ಏನೂ ಬದಲಾಗಿಲ್ಲ. ಅದೇ ದಪ್ಪ ಕಲ್ಲಿನ ಗೋಡೆ, ಸೂರಿನ ತನಕ ಕಟ್ಟಿಗೆಯ ಕಪಾಟು, ಕಪಾಟಿನ ತುಂಬ ಕೆಂಪು ರುಮಾಲಿನಲ್ಲಿ ಕಟ್ಟಿದ ಕಾಗದದ ಗಂಟುಗಳು. ಚಳಿಗಾಲದಲ್ಲಿ ಹೊರಗಿಗಿಂತ ಒಳಗೇ ಥಂಡಿ ಹೆಚ್ಚು. ಕಾಗದಕ್ಕೆ ಮುಗ್ಗು ಹಿಡಿಯಬಾರದೆಂದು ಮೂಲೆಯ ಕೆಳಗಿನ ಖಾನೆಯಲ್ಲಿ ಹಳೆಯ ಕಾಲದ ದೊಡ್ಡ ಬಲ್ಬೊಂದನ್ನು ಹಗಲೂ ರಾತ್ರಿ ಉರಿಸಿಡುತ್ತೇವೆ. ಇಡೀ ಕೋಣೆಯಲ್ಲಿ ಬೆಚ್ಚಗಿರುವುದು ಆ ಮೂಲೆಯೊಂದೇ. ಕೌದಿಯ ಬುಟ್ಟಿಯನ್ನು ನಾನು ಇಟ್ಟದ್ದೂ ಅಲ್ಲಿಯೇ. ಊಟದ ಬಿಡುವಿನಲ್ಲಿ ಹೊಲಿಯುವುದು, ಮಡಚಿ ಮತ್ತೆ ಬಲ್ಬಿನ ಪಕ್ಕ ಇಡುವುದು. ಕೂಸಿನ ಕೌದಿ ಥಂಡಿ ಕುಡಿಯಬಾರದಲ್ಲ.

ಈ ಸಲ ಯಾರೂ ಮುಟ್ಟದ ಗಂಟುಗಳನ್ನೆಲ್ಲ ಬಿಚ್ಚುತ್ತಿದ್ದೇವೆ. ಹಿಂದಿನವರು ಗುಂಡುಸೂಜಿಗೆ ತುಕ್ಕು ಹಿಡಿಯುತ್ತದೆಂದು ಕಾಗದಗಳನ್ನು ಜಾಲಿಮುಳ್ಳಿನಿಂದ ಚುಚ್ಚಿ ಇಡುತ್ತಿದ್ದರು. ಆ ಮುಳ್ಳುಗಳು ಇನ್ನೂ ಗಟ್ಟಿಯಾಗಿವೆ, ಕಾಗದವೇ ಪುಡಿಯಾಗುತ್ತಿದೆ. ದಿನಕ್ಕೆ ಎಷ್ಟು ಸಲ ಚುಚ್ಚಿಸಿಕೊಳ್ಳುತ್ತೇವೋ ದೇವರಿಗೇ ಗೊತ್ತು. ನಾವು ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ನನ್ನ ಬೆರಳು ನೋಡಿ ನೀನು ಶಾಲೆಯಲ್ಲಿ, ನಮ್ಮವ್ವ ಗುಲಾಬಿ ತೋಟದಲ್ಲಿ ಕೆಲಸ ಮಾಡುತ್ತಾಳೆ ಎಂದು ಹೇಳಿ ಬಂದಿದ್ದೆ. ಅದನ್ನು ನೆನೆದು ಈಗಲೂ ನಗುತ್ತೇನೆ.

ಇವತ್ತು ಬೆಳಿಗ್ಗೆ ಬಂದ ತಕ್ಷಣವೇ ಒಂದು ನಾಟಕವಾಯಿತು. ಸ್ಕ್ಯಾನಿಂಗ್ ಯಂತ್ರ ನಡೆಸಲು ಶೈಲಾ ಎಂಬ ಹುಡುಗಿ ಬಂದಿದ್ದಾಳೆ, ಶಿಗ್ಗಾಂವಿಯವಳು, ನಿನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಕೌದಿಯ ಸೂಜಿಗೆ ದಾರ ಪೋಣಿಸಿಕೊಟ್ಟವಳು ಅವಳೇ. ಬಲ್ಬಿನ ಮೂಲೆಗೆ ಹೋದವಳು 'ಅಕ್ಕಾರ' ಎಂದು ಉಸಿರು ಸಿಕ್ಕಿಕೊಂಡವಳ ಹಾಗೆ ಕರೆದಳು. ಹೋಗಿ ನೋಡಿದರೆ ಒಂದು ಹಾವಿನ ಪೊರೆ. ಅರ್ಧ ನೆಲದ ಮೇಲೆ, ಇನ್ನರ್ಧ ಕೌದಿಯ ಬುಟ್ಟಿಯ ಅಂಚಿನ ಮೇಲೆ ಬಿದ್ದಿತ್ತು.

ನಾನು ನಕ್ಕೆ. ಅವಳಿಗೆ ನಮ್ಮ ಉಸ್ಮಾನಸಾಬರ ಕಥೆ ಗೊತ್ತಿಲ್ಲ. ನನಗಿಂತ ಮೊದಲು ಈ ಕೋಣೆ ನೋಡಿಕೊಳ್ಳುತ್ತಿದ್ದ ಅವರು ಎಲೆಬಳ್ಳಿಯ ತೋಟಗಳಿಂದ ಹಾವಿನ ಪೊರೆ ಆರಿಸಿ ತಂದು ಗಂಟುಗಳ ನಡುವೆ ಇಡುತ್ತಿದ್ದರು. ಆ ವಾಸನೆಗೆ ಇಲಿ ಹತ್ತಿರ ಬರುವುದಿಲ್ಲ, ಕಾಗದ ಉಳಿಯುತ್ತದೆ ಎಂದು ಅವರ ನಂಬಿಕೆ. ಅವರು ನಿವೃತ್ತರಾಗಿ ಹೋದರೂ ಪೊರೆಗಳು ಹೋಗಿಲ್ಲ. ಗಂಟು ಬಿಚ್ಚಿದಾಗಲೆಲ್ಲ ಒಂದೊಂದು ಸಿಗುತ್ತದೆ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇದೂ ಮೇಲಿನ ಖಾನೆಯಿಂದ ಜಾರಿ ಬಿದ್ದಿರಬೇಕು ಎಂದೆ. ಆದರೆ ಇದು ಪುಡಿಯಾಗಲಿಲ್ಲ, ರೆಹಾನ. ಮೆತ್ತಗಿತ್ತು, ಕೈಗೆ ಸ್ವಲ್ಪ ಜಿಗುಟು ಎನ್ನಿಸಿತು, ಕಣ್ಣಿನ ಗುರುತು ಸಹ ಹಾಗೇ ಇತ್ತು. ಬಲ್ಬಿನ ಕಾವಿಗೆ ಎಷ್ಟು ಚೆನ್ನಾಗಿ ಉಳಿದಿದೆ ನೋಡು ಎಂದು ಶೈಲಾಗೇ ತೋರಿಸಿದೆ.

ಅವಳು ಮುಟ್ಟಲಿಲ್ಲ. 'ಅಕ್ಕಾರ, ಕೌದಿ ಒಮ್ಮೆ ಹೊರಗ ಒಯ್ದು ಝಾಡಿಸ್ರಿ. ನನಗ್ಯಾಕೋ ಸರಿ ಕಾಣವಲ್ದು' ಎಂದಳು. ಅದೊಂದು ಆಗದ ಮಾತು. ನಮ್ಮವ್ವ ದಾವಲಬಿ ಹೊಸ ಕೌದಿಯನ್ನು ಕೂಸು ಮಲಗುವ ಮೊದಲು ಯಾರನ್ನೂ ಕೊಡವಲು ಬಿಡುತ್ತಿರಲಿಲ್ಲ. ಒಂದೊಂದು ಹೊಲಿಗೆಗೂ ಒಂದೊಂದು ದುವಾ ಹೇಳಿ ಹೊಲಿದದ್ದು, ಕೊಡವಿದರೆ ಎಲ್ಲ ನೆಲಕ್ಕೆ ಉದುರಿ ಹೋಗುತ್ತದೆ ಎನ್ನುತ್ತಿದ್ದಳು. ನೀನು ಹಾಗೆಯೇ ಮಲಗಿದವಳು, ನಾನೂ ಹಾಗೆಯೇ. ನಿನ್ನ ಅಪ್ಪನ ಲುಂಗಿ, ನಿನ್ನ ಶಾಲೆಯ ನೀಲಿ ಸ್ಕರ್ಟು, ಅವ್ವನ ಬಿಳಿ ಓಢಣಿ ಎಲ್ಲ ಸೇರಿಸಿ ಹೊಲಿದ ಕೌದಿಯನ್ನು ನಾನು ಅಂಗಳಕ್ಕೆ ಒಯ್ದು ಚಾಪೆಯ ಹಾಗೆ ಬಡಿಯಲೇ? ಆಗುವುದಿಲ್ಲ ಎಂದೆ. ಶೈಲಾ ಮುಖ ಚಿಕ್ಕದು ಮಾಡಿಕೊಂಡು ತನ್ನ ಯಂತ್ರದ ಹತ್ತಿರ ಹೋದಳು.

ಅವಳ ಭಯ ನೋಡಿ ನೀನು ಹೇಳಿದ ಆ ಹೆಂಗಸು ನೆನಪಾದಳು. ಮಡಗದ ಕೆರೆಯ ಕೆಳಗೆ ಗದ್ದೆ ಕೆಲಸಕ್ಕೆ ಬಂದು ಗುಡಿಸಲಿನಲ್ಲಿ ಮಲಗಿದ್ದವಳು. ಬೆಳಿಗ್ಗೆ ಹೊಟ್ಟೆ ನುಲಿಯುತ್ತದೆ ಎಂದು ನಿಮ್ಮ ಆಸ್ಪತ್ರೆಗೆ ಬಂದಿದ್ದಳಂತೆ, ನಿದ್ದೆಗೆಟ್ಟವಳ ಹಾಗೆ ಕಣ್ಣಿನ ರೆಪ್ಪೆ ಜೋತುಬಿದ್ದಿತ್ತಂತೆ. ಮನೆಯವರು ನಿದ್ದೆ ಮಾಡಿದರೆ ಸರಿಹೋಗುತ್ತಾಳೆ ಎಂದು ವಾಪಸು ಕರೆದೊಯ್ಯಲು ಹೊರಟಿದ್ದರು. ನೀನು ಬಿಡದೆ ಕೈಕಾಲೆಲ್ಲ ಹುಡುಕಿ ಎರಡು ಚುಕ್ಕಿ ಕಂಡುಹಿಡಿದೆ. ಕಟ್ಟುಹಾವು ಅವ್ವಾ, ಕಪ್ಪು ಮೈಗೆ ಬಿಳಿ ಪಟ್ಟಿ, ಇರುವೆ ಕಡಿದಷ್ಟೂ ನೋವಾಗುವುದಿಲ್ಲ, ರೆಪ್ಪೆ ಬಿದ್ದ ಮೇಲೆಯೇ ತಿಳಿಯುವುದು, ಅಷ್ಟರಲ್ಲಿ ಉಸಿರಿಗೆ ಬಂದಿರುತ್ತದೆ ಎಂದು ನೀನು ಹೇಳಿದಾಗ ನಾನು ರಾತ್ರಿ ದೀಪ ಆರಿಸಲಿಲ್ಲ. ಆ ಹೆಂಗಸು ಉಳಿದದ್ದು ನಿನ್ನಿಂದ. ಅದನ್ನು ನಾನು ಇಡೀ ಓಣಿಗೆ ಹೇಳಿದ್ದೆ, ನಿನಗೆ ಮಾತ್ರ ಹೇಳಲಿಲ್ಲ, ತಲೆಗೇರೀತೆಂದು. ಈಗ ಹೇಳುತ್ತಿದ್ದೇನೆ.

ಇರು, ಕೌದಿಯ ಗಂಟು ಕಟ್ಟಿಬಿಟ್ಟು ಬರುತ್ತೇನೆ. ಆಮೇಲೆ ಜನ ಶುರುವಾಗುತ್ತಾರೆ.

*

ಕಟ್ಟಿದೆ. ಬುಟ್ಟಿಯಿಂದ ಎತ್ತಿ, ಬಿಚ್ಚದೆ, ಮಡಿಕೆಯನ್ನೂ ಮುರಿಯದೆ ಹಾಗೇ ಒಂದು ಹಳೆಯ ಕೆಂಪು ರುಮಾಲಿನಲ್ಲಿಟ್ಟು ಕಟ್ಟಿದ್ದೇನೆ. ರುಮಾಲು ಕೆಲಸಕ್ಕೆ ಬಾರದೆ ತೆಗೆದುಹಾಕಿದ್ದು, ಕದ್ದದ್ದಲ್ಲ. ನೀನು ನನ್ನ ಗಂಟುಗಳಿಗೆ ಮಕ್ಕಳು ಎಂದೆಯಲ್ಲ, ನೋಡು, ಆ ಮಕ್ಕಳ ಅಂಗಿಯಲ್ಲೇ ನಿನ್ನ ಮಗಳಿಗೆ ಕಳಿಸುತ್ತಿದ್ದೇನೆ. ನಿನಗಿಷ್ಟವೆಂದು ಖಾರದ ಪೊಟ್ಟಣವನ್ನೂ ಕೌದಿಯ ಮಡಿಕೆಯಲ್ಲಿ ತುರುಕಿದೆ. ತುರುಕುವಾಗ ಎಡಗೈಯ ಕಿರುಬೆರಳ ಬುಡಕ್ಕೆ ಏನೋ ಚುಚ್ಚಿತು. ಹಳೆಯ ರುಮಾಲಿಗೆ ಜಾಲಿಮುಳ್ಳು ಅಂಟಿಕೊಂಡೇ ಇರುತ್ತದೆ. ರುಮಾಲಿನ ಮೇಲೆಲ್ಲ ಕೈಯಾಡಿಸಿದೆ, ಸಿಗಲಿಲ್ಲ. ನೀನು ಗಂಟು ಬಿಚ್ಚುವಾಗ ರುಮಾಲನ್ನು ಮಾತ್ರ ದೂರ ಇಡು, ಕೂಸಿಗೆ ಚುಚ್ಚೀತು.

ನೋವೇನೂ ಇಲ್ಲ, ರಕ್ತವೂ ಬರಲಿಲ್ಲ. ಎರಡು ಸಣ್ಣ ಚುಕ್ಕಿ ಅಷ್ಟೇ. ಒಂದೇ ಮುಳ್ಳು ಎರಡು ಸಲ ಚುಚ್ಚಿರಬೇಕು.

ಗಂಟನ್ನು ಮತ್ತೆ ಬಲ್ಬಿನ ಪಕ್ಕದಲ್ಲೇ ಇಟ್ಟಿದ್ದೇನೆ, ಮಾಲತೇಶ ಬರುವ ತನಕ ಬೆಚ್ಚಗಿರಲಿ. ಒಂದು ಒಳ್ಳೆಯ ಸುದ್ದಿಯೆಂದರೆ ಈ ಎರಡು ವಾರಗಳಿಂದ ಕೋಣೆಯಲ್ಲಿ ಇಲಿಗಳ ಗದ್ದಲವೇ ಇಲ್ಲ. ಮೊದಲು ಸೂರಿನ ಸಂದಿಯಲ್ಲಿ ಓಡಾಡಿ ತಲೆ ಚಿಟ್ಟು ಹಿಡಿಸುತ್ತಿದ್ದವು. ಈಗ ಯಂತ್ರ ನಿಂತರೆ ನನ್ನ ಪೆನ್ನಿನ ಸದ್ದು ನನಗೇ ಕೇಳುತ್ತದೆ. ಉಸ್ಮಾನಸಾಬರ ಪೊರೆ ಈಗ ಕೆಲಸಕ್ಕೆ ಬಂತು ಎಂದು ನಾವೆಲ್ಲ ನಗಾಡುತ್ತಿದ್ದೇವೆ.

*

ಊಟದ ಹೊತ್ತು. ಊಟ ಸೇರಲಿಲ್ಲ. ಬೆಳಿಗ್ಗೆಯಿಂದ ಚಳಿಯಲ್ಲಿ ಕೂತದ್ದಕ್ಕೋ ಏನೋ, ಹೊಟ್ಟೆಯಲ್ಲಿ ಹಿಂಡಿದ ಹಾಗೆ ಆಗುತ್ತಿದೆ. ರೊಟ್ಟಿ ಮುರಿದು ಬಾಯಿಗಿಟ್ಟೆ, ನುಂಗಲು ಹೋದರೆ ಗಂಟಲಿನಲ್ಲೇ ನಿಂತಿತು. ನೀರು ಕುಡಿದೆ, ನೀರೂ ಮೂಗಿಗೆ ಬಂತು. ಶೈಲಾ ಬೆನ್ನು ತಟ್ಟಿದಳು. ನಿನ್ನೆ ರಾತ್ರಿ ತಡವಾಗುವ ತನಕ ಇಲ್ಲೇ ಕೂತು ಕೌದಿಯ ಕೊನೆಯ ಅಂಚು ಹೊಲಿಯುತ್ತ ನಿದ್ದೆಗೆಟ್ಟೆ, ಅದರ ಫಲ ಇದು.

ಬೆಳಿಗ್ಗೆ ಕಿಟಕಿಗೆ ಯಲವಿಗಿಯ ಕರೆವ್ವ ಎಂಬ ಅಜ್ಜಿ ಬಂದಿದ್ದಳು. ಹೊಲದ ಹಳೆಯ ಕಾಗದದ ನಕಲು ಬೇಕೆಂದು ಮೂರನೆಯ ಸಲ ರೈಲು ಹತ್ತಿ ಬಂದಿದ್ದಾಳೆ, ಪಾಪ. ಕಾಗದ ಕೊಟ್ಟರೆ ಅದನ್ನು ನೋಡದೆ ನನ್ನ ಮುಖವನ್ನೇ ನೋಡಿದಳು. 'ಯಾಕವ್ವಾ, ಅತ್ತೀಯೇನು? ಕಣ್ಣು ಹಿಂಗ್ಯಾಕ ಇಳದಾವು?' ಎಂದಳು. ಮಗಳ ಚಿಂತೆ ಎಂದೆ. 'ಮಗಳು ಜೀವಂತ ಅದಾಳಲ್ಲ, ಅಷ್ಟ ಸಾಕು ತಗೋ' ಎಂದು ನನ್ನ ಕೈ ಹಿಡಿದು ಅದುಮಿದಳು. ಎಡಗೈಯನ್ನೇ ಹಿಡಿದಿದ್ದಳು, ಆದರೂ ಕಿರುಬೆರಳಿನ ಬದಿಗೆ ಅವಳ ಸ್ಪರ್ಶ ತಿಳಿಯಲಿಲ್ಲ. ಚಳಿಗೆ ಜೋಮು ಹಿಡಿದಿದೆ.

ಅಜ್ಜಿ ಹೋದ ಮೇಲೆ ಯಾಕೋ ಒಂದು ಗಳಿಗೆ ಎದೆ ಧಸಕ್ಕೆಂದಿತು. ನಿನ್ನ ಆ ಮಡಗದ ಕೆರೆಯ ಹೆಂಗಸು ಮತ್ತೆ ನೆನಪಾಗಿದ್ದಳು. ಹೊಟ್ಟೆ, ಕಣ್ಣು, ಎರಡು ಚುಕ್ಕಿ. ಬೆರಳು ಬೆಳಕಿಗೆ ಹಿಡಿದು ನೋಡಿದೆ. ಬಾವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಅವಳು ಗದ್ದೆಯ ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದವಳು, ನಾನು ಕಚೇರಿಯ ಕುರ್ಚಿಯಲ್ಲಿ ಕೂತವಳು. ಜನ್ಮವೆಲ್ಲ ಮುಳ್ಳು ಚುಚ್ಚಿಸಿಕೊಂಡ ನನಗೆ ಮುಳ್ಳು ಯಾವುದು ಎಂದು ಗೊತ್ತಾಗದೇ? ನರ್ಸಿನ ತಾಯಿಯಾದರೆ ಇದೇ ಗೋಳು, ಕೆಮ್ಮಿದರೆ ಕ್ಷಯ ಎನ್ನಿಸುತ್ತದೆ.

*

ಸ್ವಲ್ಪ ಹೊತ್ತು ಮೇಜಿನ ಮೇಲೆ ತಲೆಯಿಟ್ಟಿದ್ದೆ. ಎದ್ದಾಗ ಎದುರಿನ ಕಪಾಟು ಎರಡೆರಡು ಕಾಣಿಸಿತು. ಚಷ್ಮಾ ಒರೆಸಿದೆ, ಆದರೂ ಎರಡೇ. ರೆಪ್ಪೆ ಎತ್ತಿದರೆ ನಿಲ್ಲುವುದಿಲ್ಲ, ಅಂಗಡಿಯ ಹಳೆಯ ಷಟರಿನ ಹಾಗೆ ತಾನೇ ಇಳಿಯುತ್ತದೆ. ಎಡಗೈಯ ಬೆರಳಿನಿಂದ ಒಂದು ರೆಪ್ಪೆ ಎತ್ತಿ ಹಿಡಿದು ಬರೆಯುತ್ತಿದ್ದೇನೆ. ನೀನು ನೋಡಿದರೆ ನಗುತ್ತಿದ್ದೆ. ಅಕ್ಷರ ಸಾಲು ಬಿಟ್ಟು ಹೋಗುತ್ತಿದ್ದರೆ ನಿದ್ದೆ ಎಂದು ತಿಳಿ.

ಜವಾನ ಯಲ್ಲಪ್ಪ ಚಹಾ ತಂದಿಟ್ಟು ಏನೋ ಕೇಳಿದ. ಉತ್ತರ ಕೊಟ್ಟೆ, ಅವನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಮಾತು ಮೂಗಿನಿಂದ ಬರುತ್ತಿದೆ, ನಾಲಿಗೆ ದಪ್ಪಗಾದ ಹಾಗಿದೆ. ಅವನು ಶೈಲಾಳನ್ನು ಕರೆತಂದ. ಅವಳು ನನ್ನ ಗದ್ದ ಹಿಡಿದು ಎತ್ತಿ ನೋಡಿ, 'ಅಕ್ಕಾರ, ಎದ್ದೇಳ್ರಿ. ಡಾಕ್ಟರ ಕಡೆ ಹೋಗೂಣು ನಡ್ರಿ, ಈಗ ನಡ್ರಿ' ಎಂದಳು. ಮಾಲತೇಶ ಬಂದು ಗಂಟು ಒಯ್ಯಲಿ, ಆಮೇಲೆ ಎಲ್ಲಿ ಬೇಕಾದರೂ ಬರುತ್ತೇನೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಈಗ ಹೋಗಿ ಅಲ್ಲಿ ಚೀಟಿ ಬರೆಸಿ ಸಾಲಿನಲ್ಲಿ ಕೂತರೆ ಟೆಂಪೊ ಹೋಗಿಬಿಡುತ್ತದೆ. ನಾಳೆ ನಲವತ್ತು. ತವರಿನಿಂದ ಏನೂ ಬರಲಿಲ್ಲ ಎಂದು ಆ ನಿನ್ನ ಅತ್ತೆ ಹತ್ತು ಜನರ ಮುಂದೆ ತುಟಿ ಕೊಂಕಿಸುತ್ತಾಳೆ, ನೀನು ತಲೆ ತಗ್ಗಿಸುತ್ತೀ. ನಾನು ಇದ್ದೂ ಅದಾಗಬಾರದು. ಶೈಲಾ ಅಳುತ್ತ ಹೊರಗೆ ಹೋದಳು, ಗಾಡಿ ಹುಡುಕಲು.

ರೆಹಾನ, ಒಂದು ಮಾತು. ನಿನ್ನ ಹೆರಿಗೆಯ ದಿನ ನಾನು ಕಚೇರಿಗೆ ಬಂದಿದ್ದೆ, ಆದರೆ ಒಂದು ಗಂಟೂ ಬಿಚ್ಚಲಿಲ್ಲ. ಫಯಾಜನ ಫೋನ್ ಬರುವ ತನಕ ಈ ಮೂಲೆಯಲ್ಲೇ ಬಲ್ಬಿನ ಪಕ್ಕ ಕೂತು ಕೌದಿಯ ಮೊದಲ ಅಂಚು ಹೊಲಿದೆ. ಹೆಣ್ಣು, ತಾಯಿ ಮಗು ಇಬ್ಬರೂ ಚೆನ್ನ ಎಂದ ಮೇಲೆ ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದೆ. ನಿನ್ನನ್ನು ಬಿಟ್ಟು ನನಗೆ ಬೇರೆ ಮಕ್ಕಳಿಲ್ಲ, ಗಂಟುಗಳೂ ಅಲ್ಲ.

*

ಮಾಲತೇಶ ಬಂದ. ಯಲ್ಲಪ್ಪ ಗಂಟು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. 'ಒಳಗೇನೋ ಸರದಂಗಾತ್ರಿ' ಎಂದ. ಖಾರದ ಪೊಟ್ಟಣ ಎಂದು ಸನ್ನೆ ಮಾಡಿದೆ. ಗಂಟನ್ನು ಎಲೆಯ ಪೆಂಡಿಗಳ ಜೊತೆ ಹಿಂದೆ ಹಾಕಬೇಡ, ಅವಕ್ಕೆ ನೀರು ಚಿಮುಕಿಸಿರುತ್ತಾರೆ, ಇಂಜಿನ್ನಿನ ಪಕ್ಕ ಬೆಚ್ಚಗೆ ಇಡು ಎಂದು ಮಾಲತೇಶನಿಗೆ ಬರೆದುಕೊಟ್ಟೆ. ಆಗಲಿ ಎಂದ. ಒಳ್ಳೆಯವನು. ಪತ್ರ ಮುಗಿಸಿಕೊಡಿ ಎಂದು ಬಾಗಿಲಲ್ಲಿ ನಿಂತಿದ್ದಾನೆ.

ಉಸಿರು ಸ್ವಲ್ಪ ಭಾರವಾಗಿದೆ. ಮೇಲಿನಿಂದ ಮೇಲೆಯೇ ಎಳೆದುಕೊಳ್ಳುತ್ತಿದ್ದೇನೆ. ಶೈಲಾ ಗಾಡಿ ತಂದಿದ್ದಾಳೆ, ಹಾರ್ನ್ ಕೇಳಿಸುತ್ತಿದೆ. ಹೋಗಿ ಬರುತ್ತೇನೆ. ನಾಳೆ ನಿನಗೇ ಫೋನ್ ಮಾಡಬೇಕು ಎನ್ನಿಸಿದರೆ ಮಾಡು. ಎನ್ನಿಸದಿದ್ದರೂ ಮಾಡು. ಕೂಸು ಅತ್ತರೆ ಸಾಕು, ಅದನ್ನಾದರೂ ಕೇಳಿಸು.

ಮದಿಹಾಗೆ ಅಜ್ಜಿಯ ಮುತ್ತು. ನಿನಗೂ.

ನಿನ್ನ ಅವ್ವ,
ಗುಲ್ನಾರ

ತಾ.ಕ. ಲಕೋಟೆ ಅಂಟಿಸಿದ ಮೇಲೆ ನೆನಪಾಯಿತು, ಅದಕ್ಕೆ ಹೊರಗೇ ಬರೆಯುತ್ತಿದ್ದೇನೆ. ಗಂಟು ನಿನಗೆ ತಲುಪುವಾಗ ರಾತ್ರಿಯಾಗಿರುತ್ತದೆ, ಮಾಸೂರಿನ ಕೆರೆಯ ಗಾಳಿ ಕೆಟ್ಟದ್ದು. ಓದುತ್ತ ಕೂತು ಕೂಸನ್ನು ಥಂಡಿಯಲ್ಲಿ ಇಡಬೇಡ. ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಓದು. ಮೊದಲು ಗಂಟು ಬಿಚ್ಚು, ಕೌದಿಯನ್ನು ಕೊಡವಬೇಡ, ಹಾಗೆಯೇ ಅದರ ಮಡಿಕೆಯೊಳಗೆ ಕೂಸನ್ನು ಮಲಗಿಸು.